ಎಡಕ್ಕೆ ಹಾರಿದ ಬಿಳಿಹಣೆಗಳು

“ಆ ಹೊತ್ನಲ್ಲಿ ನಾನು ದೋಣಿ ಇಳಿಸಿದ್ದಿದ್ರೆ ಹೆಬ್ಬಾತುಗಳು ಹೀಗೆ ಸಾಲು ಕಟ್ಕೊಂಡು ಏಳ್ತಿರ್ಲಿಲ್ಲ ಅಮ್ಮ.”

ಇಷ್ಟು ಹೇಳಿ ಅಂಬಿಗ ಹೆಬ್ಬೆಟ್ಟಿನ ಮಸಿಯನ್ನು ಠಾಣೆಯ ಗೋಡೆಗೆ ಒರೆಸಿದ. ನಿನ್ನೆ ಹಿಡಿದು ತಂದಾಗಿನಿಂದ ಅವನು ಬಾಯಿಬಿಟ್ಟು ಆಡಿದ ಮೊದಲ ಪೂರ್ತಿ ಮಾತು ಅದು.

ಗೋಡೆ ನಿಮ್ಮಪ್ಪಂದೇನೋ ಎಂದು ದಫೇದಾರ ಅವನ ಕೈಗೆ ಒಂದು ಪೆಟ್ಟು ಹಾಕಿದ. ಮೆತ್ತಗೇ ಹಾಕಿದ. ದಫೇದಾರ ಯಾರಿಗೂ ಜೋರಾಗಿ ಹೊಡೆಯುವವನಲ್ಲ. ಆ ಠಾಣೆಯಲ್ಲಿ ಜೋರಾದ ಕೈ ಒಂದೇ, ಅದು ಇನ್‌ಸ್ಪೆಕ್ಟರಮ್ಮನದು. ನಿನ್ನೆ ಅಂಬಿಗನ ಕೆನ್ನೆಗೆ ಅವನ ಹೆಂಡತಿಯ ಎದುರಿಗೇ ಬಾರಿಸಿದ್ದಳು. ಆ ಕೆನ್ನೆಯ ಊತ ಇನ್ನೂ ಇಳಿದಿರಲಿಲ್ಲ.

ಹೆಬ್ಬಾತು ಎಣಿಸುವ ಮೇಷ್ಟರು ಮಂಗಳವಾರ ಬೆಳಿಗ್ಗೆ ಏಳರ ಸುಮಾರಿಗೆ ಕೆರೆಯಂಚಿನ ಕಾವಲು ಗುಡಿಸಲ ಬುಡದಲ್ಲಿ ತಲೆ ಒಡೆಸಿಕೊಂಡು ನೀರಿಗೆ ಬಿದ್ದು ಸತ್ತಿದ್ದರು. ಅಂಬಿಗ ದೋಣಿಯಲ್ಲಿ ಬಂದು ಹೊಡೆದ ಎಂಬುದು ಪೊಲೀಸರ ಲೆಕ್ಕ; ಅವನ ದೋಣಿಯ ಹುಟ್ಟಿಗೆ ರಕ್ತ ಮೆತ್ತಿತ್ತು. ಇವತ್ತು ಸಂಜೆ ಐದಕ್ಕೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದರೆ ಅಲ್ಲಿಂದ ನೇರ ಜೈಲು.

ಏನಂದೆ, ಇನ್ನೊಂದು ಸಲ ಹೇಳು ಎಂದಳು ಇನ್‌ಸ್ಪೆಕ್ಟರಮ್ಮ.

ಅಂಬಿಗ ಮೇಜಿನ ಮೇಲಿದ್ದ ಫೋಟೋ ಕಡೆ ಗದ್ದ ತೋರಿಸಿದ. ನೀರಿಗೆ ದೋಣಿ ಬಿದ್ದರೆ ಹೆಬ್ಬಾತುಗಳು ಕಾಳಿನ ಚೀಲ ಒದರಿದ ಹಾಗೆ ಎಲ್ಲವೂ ಒಟ್ಟಿಗೆ ಮೇಲೆ ಚೆಲ್ಲುತ್ತವಂತೆ. ಒಂದಕ್ಕೊಂದು ಡಿಕ್ಕಿ, ಗಲಾಟೆ, ಯಾವುದರ ಮುಖ ಯಾವ ಕಡೆಗೋ. ಅವುಗಳ ಪಾಡಿಗೆ ಬಿಟ್ಟರೆ ಮಾತ್ರ ಹತ್ತು ಹತ್ತಾಗಿ ಎದ್ದು, ಗೆರೆ ಎಳೆದ ಹಾಗೆ ಸಾಲು ಕಟ್ಟಿ ಕೊಯ್ಲಾದ ಗದ್ದೆಗಳ ಕಡೆ ಹೋಗುತ್ತವೆ.

ಅವಳು ಫೋಟೋ ಎತ್ತಿಕೊಂಡಳು. ನೀಲಿ ಆಕಾಶ, ಇಪ್ಪತ್ತಾರು ಹೆಬ್ಬಾತು, ಅಳತೆ ಹಿಡಿದು ಜೋಡಿಸಿದಂಥ ಸಾಲು. ಚಿತ್ರದ ಕೆಳಗಿನ ಬಿಳಿ ಅಂಚಿನಲ್ಲಿ ಅಚ್ಚಾದ ಸಮಯ: ಆರು ಐವತ್ತೆರಡು.

ಹಕ್ಕಿ ಹುಚ್ಚಿನ ಐದು ಜನ ಆ ಬೆಳಿಗ್ಗೆ ಕೆರೆ ಸುತ್ತ ಇದ್ದರು. ಎಲ್ಲಿದ್ರಿ ಎಂದು ಕೇಳಿದರೆ ಅಂಥವರ ಹತ್ತಿರ ಬೇರೆ ಸಾಕ್ಷಿ ಎಲ್ಲಿರುತ್ತದೆ? ಐವರೂ ತಾವು ತೆಗೆದ ಫೋಟೋಗಳನ್ನೇ ತಂದುಕೊಟ್ಟಿದ್ದರು. ಈ ಸಾಲಿನ ಫೋಟೋ ಹಲ್ಲಿನ ಡಾಕ್ಟರದು. ದಕ್ಷಿಣದ ಏರಿಯ ಮೇಲೆ ನಿಂತು ತೆಗೆದದ್ದು ಎಂದು ಹೇಳಿಕೆ ಕೊಟ್ಟಿದ್ದರು. ಗುಡಿಸಲು ಇರುವುದು ಉತ್ತರದ ದಡದಲ್ಲಿ. ನಡುವೆ ಒಂದೂವರೆ ಮೈಲಿ ನೀರು.

ಅಂಬಿಗರಿಗೆ ಹೆಬ್ಬಾತಿನ ಮನಸ್ಸೂ ಗೊತ್ತಾಗುತ್ತೆ ನೋಡಿ ಮೇಡಂ ಎಂದು ದಫೇದಾರ ನಕ್ಕ. ಇನ್‌ಸ್ಪೆಕ್ಟರಮ್ಮ ಅವನ ಮೇಲೆ ಹರಿಹಾಯ್ದಳು: ನಗೋಕೆ ಸಂಬಳ ಕೊಡ್ತಿಲ್ಲ, ಕಾಗದ ಎಲ್ಲ ಸರಿಯಾಗಿ ಜೋಡಿಸಿಕೊ, ಮೂರೂವರೆಗೆ ವ್ಯಾನು ಹೊರಡಬೇಕು, ಒಂದು ನಿಮಿಷ ತಡವಾದರೆ ನಿನ್ನ ಚರ್ಮ ಸುಲೀತೀನಿ. ದಫೇದಾರ ಎಂದಿನಂತೆ ತಲೆಯಾಡಿಸಿದ. ಹನ್ನೊಂದು ವರ್ಷದಿಂದ ಅವಳ ಬೈಗುಳ ಅವನಿಗೆ ಹಾಜರಿ ಕೂಗಿದಷ್ಟೇ ಸಹಜವಾಗಿ ಹೋಗಿತ್ತು.

ಹೊರಗೆ ಬೆಂಚಿನ ಮೇಲೆ ಅಂಬಿಗನ ಹೆಂಡತಿ ಬುತ್ತಿ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಊಟ ಒಳಗೆ ಹೋಗಿ ಹಾಗೇ ವಾಪಸ್ ಬಂದಿತ್ತು. ಅವಳು ಏಳಲಿಲ್ಲ, ಅಳಲೂ ಇಲ್ಲ.

“ದವಡೆ ನೋಯ್ತಂತೆ, ಅಗಿಯೋಕಾಗ್ಲಿಲ್ವಂತೆ,” ಎಂದಳು, ಅಷ್ಟೆ.

ಇನ್‌ಸ್ಪೆಕ್ಟರಮ್ಮ ಜೀಪು ಹತ್ತಿ ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡಳೆಂದರೆ ಕನ್ನಡಿ ಅಲ್ಲಾಡಿತು.

* * *

ಮೇಷ್ಟರ ಮನೆಯ ನಡುಕೋಣೆಯಲ್ಲಿ ಕುರ್ಚಿಗಿಂತ ನೋಟುಬುಕ್ಕುಗಳೇ ಹೆಚ್ಚು. ಮೂವತ್ತೊಂದು ಚಳಿಗಾಲದ ಲೆಕ್ಕ, ವರ್ಷಕ್ಕೊಂದು ಕಟ್ಟು, ಪ್ರತಿ ಕಟ್ಟಿಗೂ ಹೊಲಿಗೆ ದಾರ.

ಮೇಷ್ಟರ ಹೆಂಡತಿ ಇನ್‌ಸ್ಪೆಕ್ಟರಮ್ಮ ತಂದ ಗಂಡನ ಕನ್ನಡಕ, ಗಡಿಯಾರ, ದುರ್ಬೀನು ತೆಗೆದುಕೊಂಡು ರಸೀದಿಗೆ ಸಹಿ ಹಾಕಿದರು. ಸಹಿ ಹಾಕುತ್ತಲೇ, ಸೋಮವಾರ ಸಾಯಂಕಾಲ ಇವರು ಕೊಟ್ಟ ಅರ್ಜಿ ಏನಾಯಿತು ಎಂದು ಕೇಳಿದರು.

ಯಾವ ಅರ್ಜಿ?

ಯಾರೋ ಜೊಂಡಿನಲ್ಲಿ ಬಲೆ ಕಟ್ಟಿ ಹೆಬ್ಬಾತು ಹಿಡಿದು ಮಾರುತ್ತಿದ್ದರಂತೆ. ಆರುನೂರ ನಲವತ್ತಿದ್ದ ಎಣಿಕೆ ಹದಿನೈದು ದಿನದಲ್ಲಿ ಐನೂರ ಎಂಬತ್ತೆಂಟಕ್ಕೆ ಇಳಿದಿತ್ತಂತೆ. ಮೇಷ್ಟರು ಸೋಮವಾರ ಠಾಣೆಗೆ ಹೋಗಿ ಬರೆದುಕೊಟ್ಟು ಬಂದಿದ್ದರಂತೆ.

ಸೋಮವಾರ ಇಡೀ ದಿನ ಇನ್‌ಸ್ಪೆಕ್ಟರಮ್ಮ ಕೋರ್ಟಿನಲ್ಲಿದ್ದಳು. ಅಂಥ ಅರ್ಜಿ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ದಫೇದಾರ ಯಾವುದೋ ಕಟ್ಟಿನಡಿ ತುರುಕಿ ಮರೆತಿರಬೇಕು. ಬರಲಿ ಸಾಯಂಕಾಲ, ವಿಚಾರಿಸಿಕೊಳ್ತೀನಿ ಎಂದುಕೊಂಡಳು. ಈಗ ಅವಳ ತಲೆಯಲ್ಲಿದ್ದುದು ಅಂಬಿಗನ ಮಾತೊಂದೇ. ಫೋಟೋ ಮುಂದಿಟ್ಟಳು.

ಮುದುಕಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಬಿಗ ಹೇಳಿದ್ದು ಖರೆ ಎಂದರು. ಇಂಥ ಸಾಲು ಕಟ್ಟಬೇಕಾದರೆ ನೀರಿನ ಮೇಲೆ ಒಂದು ಕಡ್ಡಿಯೂ ಅಲ್ಲಾಡಿರಬಾರದು.

ಅಲ್ಲಿಗೆ ಅಂಬಿಗ ಆರು ಐವತ್ತೆರಡಕ್ಕೆ ನೀರಿನ ಮೇಲಿರಲಿಲ್ಲ.

ಇವು ಯಾವ ಹೆಬ್ಬಾತು, ಅದಾದರೂ ಗೊತ್ತಾಗುತ್ತಾ ಎಂದು ಕೇಳಿದಳು. ಅವಳ ಕಣ್ಣಿಗೆ ಇಪ್ಪತ್ತಾರೂ ಒಂದೇ ಅಚ್ಚಿನ ಬೊಂಬೆಗಳು.

ಮುದುಕಿ ಮೊದಲ ಸಲ ಸ್ವಲ್ಪ ಮುಖ ಅರಳಿಸಿದರು. ಮೇಲೆ ಹಾರುವ ಹೆಬ್ಬಾತನ್ನು ತಲೆ ನೋಡಿ ಗುರುತಿಸುತ್ತೇನೆ ಎನ್ನುವವನು ಮೂರ್ಖ ಎಂದರು. ತಿರುಗಿದಾಗ ರೆಕ್ಕೆಯ ಮುಂಭಾಗ ಬೆಳ್ಳಿಯ ಹಾಗೆ ಹೊಳೆದರೆ ಅದು ಬೂದು ಹೆಬ್ಬಾತು. ಹೊಳೆಯದೆ ಹೊಟ್ಟೆಯ ಮೇಲೆ ಕಪ್ಪು ಪಟ್ಟೆ ಕಂಡರೆ ಬಿಳಿಹಣೆ. ಅದರಲ್ಲೂ ದೊಡ್ಡದು, ಚಿಕ್ಕದು ಅಂತ ಎರಡು ಜಾತಿ. ಚಿಕ್ಕದು ಬಲು ಅಪರೂಪ. ಕಣ್ಣಿನ ಸುತ್ತ ಹಳದಿ ಬಳೆ, ಹಣೆಯ ಬಿಳುಪು ನೆತ್ತಿಯವರೆಗೆ, ರೆಕ್ಕೆ ಬಡಿತ ಒಂದಿಷ್ಟು ಜೋರು. ಆ ಚಿಕ್ಕದರ ವಿಷಯಕ್ಕೇ ಹೋದ ಭಾನುವಾರ ಮೇಷ್ಟರಿಗೂ ಹಲ್ಲಿನ ಡಾಕ್ಟರಿಗೂ ಎಲ್ಲರೆದುರು ಜಗಳ ಆಗಿತ್ತು. ಈ ಕೆರೆಗೆ ಅದು ಬಂದಿದೆ ಅಂತ ಡಾಕ್ಟರು, ಅದು ಸಾಕಷ್ಟು ತಿನ್ನದ ದೊಡ್ಡದೇ ಅಂತ ಮೇಷ್ಟರು.

“ಅವರು ತಲೆ ಎಣಿಸ್ತಿದ್ರು, ನಾನು ಹೊಟ್ಟೆ ಬರೀತಿದ್ದೆ,” ಎಂದರು ಮುದುಕಿ.

ಒಂದು ಕಟ್ಟು ಬಿಚ್ಚಿ ತೋರಿಸಿದರು. ಪ್ರತಿ ಹಾಳೆಯಲ್ಲೂ ಮರದ ಅಚ್ಚಿನಿಂದ ಒತ್ತಿದ ಹೆಬ್ಬಾತಿನ ಆಕಾರ, ತಲೆ ಮೇಲೆ, ಹೊಟ್ಟೆ ನಮ್ಮ ಕಡೆಗೆ. ಒಳಗೆ ಶಾಯಿಯಲ್ಲಿ ಪಟ್ಟೆಗಳು. ಬಿಳಿಹಣೆಯ ಹೊಟ್ಟೆಯ ಪಟ್ಟೆ ನಮ್ಮ ಬೆರಳಚ್ಚಿನ ಹಾಗಂತೆ, ಒಂದರಂತೆ ಇನ್ನೊಂದಿಲ್ಲ. ಮೇಷ್ಟರು ತೆಗೆದ ಫೋಟೋ ನೋಡಿ ನೋಡಿ ಈಕೆ ಇನ್ನೂರಕ್ಕೂ ಹೆಚ್ಚು ಹಕ್ಕಿಗಳ ಹೊಟ್ಟೆ ಬರೆದು, ಒಂದೊಂದಕ್ಕೂ ಹೆಸರಿಟ್ಟಿದ್ದರು. ಏಣಿ. ಕಂಬಳಿಹುಳ. ಸುಟ್ಟ ರೊಟ್ಟಿ. ಗಂಡನ ಸೋದರತ್ತೆಯ ಹೆಸರೂ ಒಂದಕ್ಕಿತ್ತು. ಅದು ಯಾವಾಗಲೂ ಉಳಿದವನ್ನು ಕುಕ್ಕುತ್ತಿತ್ತಂತೆ.

ಭೂತಗನ್ನಡಿ ಹಿಡಿದು ಫೋಟೋದ ಮೇಲೆ ಬಗ್ಗಿದವರು ಒಂದು ಹಕ್ಕಿಯ ಮೇಲೆ ಬೆರಳಿಟ್ಟರು.

“ಇದು ನಮ್ಮ ಬಾಚಣಿಗೆ,” ಎಂದರು. ನೋಟುಬುಕ್ಕಿನ ಹಾಳೆಯನ್ನು ಪಕ್ಕಕ್ಕಿಟ್ಟು ನೋಡಿ, “ಆದ್ರೆ ಇದರ ಹೊಟ್ಟೆ ತಿರುಗಿದೆಯಲ್ಲ ಕಣಮ್ಮ.”

ನೋಟುಬುಕ್ಕಿನ ಬಾಚಣಿಗೆಗೆ ಒಂದು ಪಕ್ಕದಲ್ಲಿ ಐದು ಸಣ್ಣ ಹಲ್ಲಿನಂಥ ಗೆರೆ, ಇನ್ನೊಂದು ಪಕ್ಕದಲ್ಲಿ ದಪ್ಪನೆಯ ಒಂದು ಮಚ್ಚೆ. ಫೋಟೋದ ಹಕ್ಕಿಗೂ ಅವೇ ಐದು, ಅದೇ ಮಚ್ಚೆ. ಪಕ್ಕ ಮಾತ್ರ ಅದಲುಬದಲು. ನೀವೇ ತಪ್ಪಾಗಿ ಬರೆದಿರಬಹುದಲ್ಲ ಎಂದಳು ಇನ್‌ಸ್ಪೆಕ್ಟರಮ್ಮ. ಮುದುಕಿ ಮತ್ತೆರಡು ಹಾಳೆ ತಿರುವಿ ಕಂಬಳಿಹುಳವನ್ನು ಹುಡುಕಿದರು. ಸಾಲಿನಲ್ಲಿ ಅದು ಏಳನೆಯದು. ಅದೂ ಅದಲುಬದಲು.

“ನನ್ನ ಕಣ್ಣು ಮಂದ ಆಗಿರಬಹುದು. ಕೈ ಸುಳ್ಳು ಬರೆದಿಲ್ಲ.”

ಇನ್‌ಸ್ಪೆಕ್ಟರಮ್ಮ ಫೋಟೋ ಕಿತ್ತುಕೊಂಡವಳೇ ಬಾಗಿಲ ಪಕ್ಕದ ಕನ್ನಡಿಯ ಎದುರು ಹಿಡಿದಳು. ಕನ್ನಡಿಯಲ್ಲಿ ಬಾಚಣಿಗೆ ಸರಿಯಾಯಿತು. ಕಂಬಳಿಹುಳವೂ ಸರಿಯಾಯಿತು. ಎಡಕ್ಕೆ ಹಾರುತ್ತಿದ್ದ ಇಪ್ಪತ್ತಾರು ಹೆಬ್ಬಾತುಗಳು ಬಲಕ್ಕೆ ಹಾರಿದವು.

ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗದ್ದೆಗಳಿರುವುದು ಕೆರೆಯ ಪಶ್ಚಿಮಕ್ಕೆ. ದಕ್ಷಿಣದ ಏರಿಯ ಮೇಲೆ ನೀರಿಗೆ ಮುಖ ಮಾಡಿ ನಿಂತವನಿಗೆ ಪಶ್ಚಿಮ ಎಡಗೈಗೆ ಬರುತ್ತದೆ. ಹೆಬ್ಬಾತು ಎಡಕ್ಕೆ ಹೋಗಬೇಕು. ಉತ್ತರದ ದಡದಲ್ಲಿ ನಿಂತವನಿಗೆ ಮಾತ್ರ ಬಲಕ್ಕೆ ಹೋಗುತ್ತವೆ. ಹಲ್ಲಿನ ಡಾಕ್ಟರು ನಿಂತದ್ದು ಉತ್ತರದಲ್ಲಿ, ಗುಡಿಸಲ ಪಕ್ಕದಲ್ಲಿ, ಮೇಷ್ಟರು ಸತ್ತ ಹೊತ್ತಿನಲ್ಲಿ. ಆಮೇಲೆ ಫೋಟೋವನ್ನು ಮಗುಚಿ, ತಮ್ಮನ್ನು ಒಂದೂವರೆ ಮೈಲಿ ಆಚೆಗೆ ಸಾಗಿಸಿಕೊಂಡಿದ್ದರು. ಬಿಸಿಲು, ನೆರಳು ಎಲ್ಲ ತಾಳೆಯಾಗಿತ್ತು. ಹೊಟ್ಟೆ ಬರೆಯುವ ಮುದುಕಿಯೊಬ್ಬಳು ಇದ್ದಾಳೆಂಬುದನ್ನಷ್ಟೇ ಮರೆತಿದ್ದರು.

ಬಾಗಿಲವರೆಗೆ ಬಂದ ಮುದುಕಿ, ಅಂಬಿಗ ಹೊಡೆದಿದ್ದಲ್ಲ ತಾನೇ ಎಂದು ಕೇಳಿದರು. ಮೇಷ್ಟರಿಗೆ ಅವನೆಂದರೆ ಇಷ್ಟವಿತ್ತಂತೆ. ದೋಣಿ ವಿಷಯಕ್ಕೆ ಇಬ್ಬರೂ ಆಗಾಗ ಜಗಳ ಆಡಿದರೂ ಒಂದೇ ಫ್ಲಾಸ್ಕಿನಲ್ಲಿ ಚಹಾ ಕುಡಿಯುತ್ತಿದ್ದರಂತೆ.

ಇನ್‌ಸ್ಪೆಕ್ಟರಮ್ಮ ಗಡಿಯಾರ ನೋಡಿದಳು. ಮೂರು ಮೂವತ್ತೈದು. ವ್ಯಾನು ಹೊರಟಿರುತ್ತದೆ. ಐದಕ್ಕೆ ಮೊದಲು ಹಲ್ಲಿನ ಡಾಕ್ಟರ ಬಾಯಿಂದ ನಿಜ ಬಂದರೆ ನ್ಯಾಯಾಧೀಶರಿಗೆ ಒಂದು ಫೋನು ಸಾಕು.

* * *

ಕ್ಲಿನಿಕ್ಕಿನ ಕುರ್ಚಿಯ ಮೇಲೆ ದಪ್ಪ ಹೆಂಗಸೊಬ್ಬಳು ಬಾಯಿ ತೆರೆದು ಮಲಗಿದ್ದಳು. ಡಾಕ್ಟರು ಕೈಗವಸು ಹಾಕಿಕೊಂಡು ಪುಟ್ಟ ಕನ್ನಡಿಯಲ್ಲಿ ಅವಳ ದವಡೆ ನೋಡುತ್ತಿದ್ದರು. ಹತ್ತು ನಿಮಿಷ ಕೂತಿರಿ ಮೇಡಂ ಎಂದರು.

ಬಾಯಿ ಮುಚ್ಕೊಂಡು ನಾಳೆ ಬಾಮ್ಮ ಎಂದು ಇನ್‌ಸ್ಪೆಕ್ಟರಮ್ಮ ಆ ಹೆಂಗಸನ್ನು ಎಬ್ಬಿಸಿ ಕಳಿಸಿದಳು. ಅರ್ಧ ದವಡೆ ಮರಗಟ್ಟಿದ್ದ ಆಕೆ ಏನೋ ಬೈದಳು. ಏನೆಂದು ಯಾರಿಗೂ ತಿಳಿಯಲಿಲ್ಲ. ಚೀಟಿ ಬರೆಯುವ ಹುಡುಗಿಯನ್ನೂ ಹೊರಗೆ ಕಳಿಸಿ, ಬಾಗಿಲಿಗೆ ಚಿಲಕ ಹಾಕಿದಳು.

ಗೋಡೆಯ ತುಂಬ ಹೆಬ್ಬಾತು. ಚೌಕಟ್ಟು ಹಾಕಿದ, ಗಾಜು ಒರೆಸಿದ, ಮೋಡ ಸೀಳಿಕೊಂಡು ಬರುವ ಹೆಬ್ಬಾತುಗಳು. ಡಾಕ್ಟರು ಅವಳು ನೋಡುವುದನ್ನು ನೋಡಿ, ಅಭ್ಯಾಸಬಲದಿಂದಲೋ ಭಯದಿಂದಲೋ ಮಾತು ಶುರು ಮಾಡಿದರು. ಹಾರುವ ಹಕ್ಕಿಯನ್ನು ತೆಗೆಯಬೇಕಾದರೆ ಕೈ ತಿರುಗಿಸಬಾರದು, ಸೊಂಟದಿಂದ ಇಡೀ ಮೈ ತಿರುಗಿಸಬೇಕು. ಆಕಾಶದ ಬೆಳಕಿಗೆ ಕ್ಯಾಮೆರಾ ಮೋಸ ಹೋಗಿ ಹಕ್ಕಿಯನ್ನು ಮಸಿ ಮಾಡುತ್ತದೆ; ಬೆಳಕನ್ನು ಒಂದು ಪಾಲು ಜಾಸ್ತಿ ಬಿಟ್ಟುಕೊಂಡರೇ ಹೊಟ್ಟೆಯ ಪಟ್ಟೆ ಕಾಣುವುದು.

“ಕಾಣಿಸ್ತು ಡಾಕ್ಟ್ರೇ,” ಎಂದಳು ಅವಳು. “ಪಟ್ಟೆ ಚೆನ್ನಾಗಿ ಕಾಣಿಸ್ತು.”

ಫೋಟೋ ಮತ್ತು ಮುದುಕಿಯ ಹಾಳೆಯನ್ನು ಕುರ್ಚಿಯ ಮೇಲೆ ಅಕ್ಕಪಕ್ಕ ಇಟ್ಟಳು. ಡಾಕ್ಟರು ನೋಡಿದರು. ಅವರ ಕೈಯಲ್ಲಿದ್ದ ಪುಟ್ಟ ಕನ್ನಡಿ ಟ್ರೇಯ ಮೇಲೆ ಟಣ್ಣೆಂದು ಬಿತ್ತು.

ಮೊದಲು ಚಂದಕ್ಕೆ ಮಗುಚಿದೆ ಎಂದರು. ಎಡಕ್ಕೆ ಹಾರಿದರೆ ಕಣ್ಣಿಗೆ ಹಿತ, ಸ್ಪರ್ಧೆಗಳಲ್ಲಿ ಎಲ್ಲರೂ ಮಾಡುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಅಕಸ್ಮಾತ್ ಆಗಿರಬೇಕು ಎಂದರು. ಎರಡು ಸುಳ್ಳು ಒಂದರ ಹಿಂದೆ ಒಂದು ಹೇಳಿದರೆ ಎರಡೂ ಸಾಯುತ್ತವೆ ಎಂಬುದು ಓದಿದವರಿಗೂ ತಿಳಿಯುವುದಿಲ್ಲ.

ಬೆಳಕಿನ ಪೆಟ್ಟಿಗೆಯ ಮೇಲೆ ಹಲ್ಲಿನ ಎಕ್ಸ್‌ರೇ ಒಂದಿತ್ತು, ಅಂಚೆಚೀಟಿಯಷ್ಟಗಲ. ಅದರ ಮೂಲೆಯಲ್ಲಿ ಉಬ್ಬಿದ ಒಂದು ಚುಕ್ಕೆ. ಅವಳು ಅದನ್ನೆತ್ತಿ, ಈ ಚುಕ್ಕೆ ಯಾಕಿದೆ ಎಂದು ಕೇಳಿದಳು.

ಡಾಕ್ಟರು ತುಟಿ ಒದ್ದೆ ಮಾಡಿಕೊಂಡರು. ಚುಕ್ಕೆ ತಮ್ಮ ಕಡೆ ಉಬ್ಬಿರುವಂತೆ ಹಿಡಿಯಬೇಕು, ಇಲ್ಲದಿದ್ದರೆ ಎಡ ಬಲ ಅದಲುಬದಲಾಗುತ್ತದೆ ಎಂದರು.

“ಆದ್ರೆ?”

“ಕೆಟ್ಟಿದ್ದು ಬಿಟ್ಟು ಆಚೆ ಪಕ್ಕದ ಒಳ್ಳೆ ಹಲ್ಲು ಕಿತ್ತುಬಿಡ್ತೀವಿ.”

“ಅದೇ ಆಗ್ತಿರೋದು ಈಗ,” ಎಂದಳು ಅವಳು. “ಒಳ್ಳೆ ಹಲ್ಲನ್ನ ವ್ಯಾನಲ್ಲಿ ಕೂರಿಸಿ ಕಳ್ಸಿದೀನಿ. ಮೇಷ್ಟ್ರ ತಲೆ ಯಾಕೆ ಒಡೆದ್ರಿ? ಆ ಚಿಕ್ಕ ಬಿಳಿಹಣೆ ವಿಷ್ಯಕ್ಕಾ?”

“ನಾನಲ್ಲ ಮೇಡಂ.”

“ಅಲ್ಲೇ ಇದ್ರಿ.”

“ಇದ್ದೆ. ಆದ್ರೆ ನಾನಲ್ಲ.”

ಒಬ್ಬ ನಿರಪರಾಧಿ ಜೈಲಿಗೆ ಹೋಗುತ್ತಿರುವುದು ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡಿದ್ದೀಯ, ನೀನೂ ಒಬ್ಬ ಮನುಷ್ಯನಾ ಎಂದು ಅವಳು ಏಕವಚನಕ್ಕೆ ಇಳಿದಳು. ಡಾಕ್ಟರು ತಲೆ ಎತ್ತಿದರು. ಮೊದಲ ಸಲ ಅವರ ದನಿಯಲ್ಲಿ ಸಿಟ್ಟಿತ್ತು.

“ನಾನು ಬರೀ ಸುಮ್ನಿದ್ದೆ. ಅವನ ಕೆನ್ನೆಗೆ ಹೊಡೆದವರು ನೀವು.”

ಅವಳ ಕೈ ಮೇಲೆದ್ದಿತು. ಎದ್ದದ್ದು ಅಲ್ಲೇ ನಿಂತಿತು. ನಿಧಾನಕ್ಕೆ ಕೆಳಗಿಳಿಸಿ ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡಳು.

ಡಾಕ್ಟರು ಕಪಾಟು ತೆರೆದರು. ಒಳಗೆ ಸುಣ್ಣದ ಗಟ್ಟಿಯಲ್ಲಿ ಎರಕ ಹೊಯ್ದ ದವಡೆಗಳ ಸಾಲು, ಒಂದೊಂದಕ್ಕೂ ರೋಗಿಯ ನಂಬರು. ಹಿಂದಿನ ಸಾಲಿನ ಒಂದು ದವಡೆಯ ಟೊಳ್ಳಿನೊಳಗಿಂದ ಕ್ಯಾಮೆರಾದ ಕಾರ್ಡು ತೆಗೆದು, ಎಕ್ಸ್‌ರೇ ನೋಡುವ ಕಂಪ್ಯೂಟರಿಗೆ ಹಾಕಿದರು.

ಹೆಬ್ಬಾತುಗಳು ಬಲಕ್ಕೆ ಹಾರಿದವು. ಒಂದು, ಎರಡು, ಹತ್ತು, ಇಪ್ಪತ್ತು ಚಿತ್ರ. ಸಾಲು ಮುಂದೆ ಹೋಗುತ್ತ ಒಂದು ಹಕ್ಕಿ ಹಿಂದೆ ಬಿತ್ತು. ಉಳಿದವಕ್ಕಿಂತ ಸಣ್ಣದು. ರೆಕ್ಕೆ ಬಡಿತ ಜೋರು, ಆದ್ದರಿಂದ ಚಿತ್ರದಲ್ಲಿ ರೆಕ್ಕೆಯ ತುದಿ ಅಳಿಸಿದ ಹಾಗೆ. ಅದು ಸಾಲು ಬಿಟ್ಟು ತಿರುಗಿ, ದಡದ ಗುಂಟ ತಗ್ಗಾಗಿ ಹಾರಿತ್ತು. ಡಾಕ್ಟರು ಸಾಲನ್ನು ಬಿಟ್ಟು ಅದರ ಬೆನ್ನು ಹಿಡಿದಿದ್ದರು.

ಇಪ್ಪತ್ತೆಂಟನೆಯ ಚಿತ್ರದಲ್ಲಿ ಅವರು ಕೈ ನಿಲ್ಲಿಸಿ, ಹಕ್ಕಿಯ ಮುಖವನ್ನು ದೊಡ್ಡದು ಮಾಡಿದರು. ನೆತ್ತಿಗೇರಿದ ಬಿಳುಪು. ಕಣ್ಣಿನ ಸುತ್ತ ಹಳದಿ ಬಳೆ, ಈಗಷ್ಟೇ ಬಣ್ಣ ಹಚ್ಚಿದಷ್ಟು ಸ್ಪಷ್ಟ.

“ಚಿಕ್ಕ ಬಿಳಿಹಣೆ,” ಎಂದರು. “ಹದಿನೈದು ವರ್ಷ ಕಾದೆ ಇದಕ್ಕೆ. ಮೇಷ್ಟ್ರದು ತಪ್ಪು, ನಂದೇ ಸರಿ. ಯಾರಿಗೆ ತೋರಿಸ್ಲಿ?”

“ಮುಂದಿಂದು ಹಾಕ್ರೀ.”

ಹಾರುವ ಹಕ್ಕಿಯ ಹಿಂದೆ ಗಿಡವೋ ಗೋಡೆಯೋ ಅಡ್ಡ ಬಂದರೆ ಕ್ಯಾಮೆರಾ ಹಕ್ಕಿಯನ್ನು ಬಿಟ್ಟು ಹಿಂದಿರುವುದನ್ನು ಹಿಡಿದುಬಿಡುತ್ತದಂತೆ. ಹಾರುವ ಹಕ್ಕಿ ತೆಗೆಯುವವರೆಲ್ಲರ ಗೋಳು ಅದು. ಅಂಥ ಚಿತ್ರಗಳನ್ನು ನೋಡಿದ ತಕ್ಷಣ ಅಳಿಸಿಹಾಕುತ್ತಾರೆ. ಇಪ್ಪತ್ತೊಂಬತ್ತನೆಯದರಲ್ಲಿ ಹಾಗೇ ಆಗಿತ್ತು. ಅಪರೂಪದ ಹೆಬ್ಬಾತು ಮುಂದುಗಡೆ ಒಂದು ಬೂದು ಕಲೆ ಮಾತ್ರ. ಅದರ ಹಿಂದೆ ಕಾವಲು ಗುಡಿಸಲು, ಮೆಟ್ಟಿಲ ಬಿರುಕು ಕೂಡ ಕಾಣುವಷ್ಟು ಸ್ಪಷ್ಟ.

ಮೆಟ್ಟಿಲ ಕೆಳಗೆ ಮೇಷ್ಟರು ಮಂಡಿಯೂರಿದ್ದರು, ಒಂದು ಕೈ ತಲೆಯ ಮೇಲೆ ಅಡ್ಡ. ಎದುರಿಗೆ ಖಾಕಿ ಪ್ಯಾಂಟು, ಮೇಲೆ ಹಸಿರು ಸ್ವೆಟರು. ಎರಡೂ ಕೈಯಲ್ಲಿ ದೋಣಿಯ ಹುಟ್ಟು, ತಲೆಗಿಂತ ಮೇಲಕ್ಕೆ ಎತ್ತಿದ್ದು. ಮುಖ ಅರ್ಧ ಈ ಕಡೆಗಿತ್ತು.

ಇನ್‌ಸ್ಪೆಕ್ಟರಮ್ಮ ಆ ಸ್ವೆಟರನ್ನು ತನ್ನ ಠಾಣೆಯಲ್ಲೇ ಹನ್ನೊಂದು ಚಳಿಗಾಲ ನೋಡಿದ್ದಳು.

ಡಾಕ್ಟರು ಮೆಲ್ಲಗೆ ಹೇಳಿಕೊಂಡು ಹೋದರು. ಮರುದಿನ ಹೇಳಿಕೆ ಬರೆದುಕೊಳ್ಳಲು ಬಂದವನೂ ಅವನೇ. ಈ ಕುರ್ಚಿಯ ಮೇಲೇ ಮಲಗಿ, ಒಂದು ಹಲ್ಲು ಜುಮ್ಮನ್ನುತ್ತೆ ನೋಡಿ ಡಾಕ್ಟ್ರೇ ಎಂದನಂತೆ. ಇವರು ಅವನ ಬಾಯಿಗೆ ಬೆರಳು ಹಾಕಿದ್ದಾಗ, ಆ ಬೆರಳನ್ನು ಹಲ್ಲಿನಲ್ಲಿ ಹಗುರಾಗಿ ಹಿಡಿದು ಬಿಟ್ಟು, ನೀವು ಮಂಗಳವಾರ ಯಾವ ದಡದಲ್ಲಿದ್ರಿ ಎಂದು ಕೇಳಿ ಕಣ್ಣಲ್ಲೇ ನಕ್ಕನಂತೆ. ಏರಿಯ ಮೇಲೆ ಎಂದರಂತೆ ಇವರು. ಹಾಗಾದ್ರೆ ಒಂದು ಫೋಟೋ ಕೊಡಿ ಎಂದನಂತೆ ಅವನು.

ಅವಳ ತಲೆಯಲ್ಲಿ ಒಂದೊಂದೇ ಬಂದು ಕೂತಿತು. ಸೋಮವಾರ ಸಂಜೆ ಠಾಣೆಯ ಮೇಜಿಗೆ ಕೂತಿದ್ದವನು ಯಾರು. ಬಲೆಯ ಅರ್ಜಿ ಯಾರ ಕೈಗೆ ಹೋಯಿತು, ಬಲೆಯ ದುಡ್ಡು ಯಾರ ಜೇಬಿಗೆ ಹೋಗುತ್ತಿತ್ತು. ರಕ್ತ ಮೆತ್ತಿದ ಹುಟ್ಟನ್ನು ಹುಡುಕಿ ತಂದು, ಅಂಬಿಗನ ಹೆಸರು ಅವಳ ಕಿವಿಗೆ ಹಾಕಿದವನು ಯಾರು. ಮತ್ತೆ ಈಗ, ಈ ಹೊತ್ತಿನಲ್ಲಿ, ಅಂಬಿಗನ ಪಕ್ಕ ಕೂತವನು ಯಾರು. ಕೂರಿಸಿದವಳು ಯಾರು.

ನಾಲ್ಕು ಗಂಟೆ ಐದು ನಿಮಿಷ.

ಅವಳು ವ್ಯಾನಿನ ಡ್ರೈವರನಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಇನ್ನೊಂದು ಸಲ. ಎತ್ತಲಿಲ್ಲ. ಕೊನೆಗೆ ದಫೇದಾರನ ನಂ‍ಬರಿಗೇ ಮಾಡಿದಳು. ಮೊದಲ ರಿಂಗಿಗೇ ಎತ್ತಿದ.

ಎಲ್ಲಿದ್ದೀರಿ ಎಂದು ಕೇಳಿದಳು.

“ಕೆರೆ ಏರಿ ಹತ್ರ ಮೇಡಂ. ಇವನಿಗೆ ಹೊಟ್ಟೆ ನೋವಂತೆ, ಕೆಳಗೆ ಇಳೀಬೇಕು ಅಂತಾನೆ. ಡ್ರೈವರನ್ನ ನೀರು ತರೋಕೆ ಕಳಿಸಿದೀನಿ. ಕೋಳ ಬಿಚ್ಚಿದೀನಿ, ಪಾಪ.”

ಕೋರ್ಟಿಗೆ ಹೋಗುವ ದಾರಿ ಕೆರೆ ಏರಿಯ ಮೇಲಿಲ್ಲ. ಮುಖ್ಯರಸ್ತೆಯಿಂದ ಎರಡು ಮೈಲಿ ಒಳಗಿದೆ ಅದು. ಕೋಳ ಬಿಚ್ಚಿಸಿಕೊಂಡ ಕೈದಿ ಓಡಿದ, ತಡೆಯಲು ಹೋದಾಗ ನೀರಿಗೆ ಬಿದ್ದ. ನಾಲ್ಕು ಸಾಲಿನ ವರದಿ ಸಾಕು, ಕೆಳಗೆ ಸಹಿ ಹಾಕಬೇಕಾದವಳು ಅವಳೇ.

ಅವಳು ಒಂದು ಕೈಯಿಂದ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದನಿ ನಡುಗಬಾರದು. ಏರಬಾರದು. ಏರಿದರೆ ಒಂದು ಬಡಜೀವ ಹೋಗುತ್ತದೆ.

“ಒಂದು ಕಾಗದಕ್ಕೆ ಅವನ ಹೆಬ್ಬೆಟ್ಟು ಬಿಟ್ಟುಹೋಗಿದೆ,” ಎಂದಳು. “ಪರವಾಗಿಲ್ಲ. ಅವನನ್ನ ವಾಪಸ್ ಠಾಣೆಗೆ ಕರ್ಕೊಂಡು ಬಂದುಬಿಡಿ. ಕೋರ್ಟಿಗೆ ನಾಳೆ ಹೋದ್ರಾಯ್ತು.”

ಆ ಕಡೆ ಗಾಳಿಯ ಶಬ್ದ. ದೂರದಲ್ಲಿ ಹೆಬ್ಬಾತುಗಳ ಕೂಗು.

“ಹೆಬ್ಬೆಟ್ಟು ಹಾಕಿಸೋ ಕೆಲಸ ನಂದಲ್ವಾ ಮೇಡಂ,” ಎಂದ ದಫೇದಾರ. “ಮರೆತವನು ನಾನು. ನೀವು ಬೈಲೇ ಇಲ್ಲ.”

ಅವಳು ಬಾಯಿ ತೆರೆದಳು. ಹನ್ನೊಂದು ವರ್ಷ ಅಷ್ಟು ಸಲೀಸಾಗಿ ಬರುತ್ತಿದ್ದ ಬೈಗುಳ ಒಂದೂ ನಾಲಿಗೆಗೆ ಬರಲಿಲ್ಲ.

“ಹಲ್ಲಿನ ಡಾಕ್ಟ್ರು ಪಕ್ಕದಲ್ಲೇ ಇದಾರಾ?” ಎಂದ ದಫೇದಾರ, ಯೋಗಕ್ಷೇಮ ವಿಚಾರಿಸುವವನ ಹಾಗೆ.

ಉತ್ತರಕ್ಕೆ ಅವನು ಕಾಯಲಿಲ್ಲ. ಫೋನನ್ನು ಬಾಯಿಂದ ಸ್ವಲ್ಪ ಆಚೆ ಸರಿಸಿದ್ದು ಕೇಳಿಸಿತು. ಆಮೇಲೆ ಅದೇ ಮೆತ್ತನೆಯ ದನಿ, ಈಗ ಅವಳಿಗಲ್ಲ, ಅಂಬಿಗನಿಗೆ:

“ಅಲ್ಲಿ ಬೇಡ ಕಣೋ, ಯಾರಾದ್ರೂ ನೋಡ್ತಾರೆ. ಇನ್ನೂ ಸ್ವಲ್ಪ ಕೆಳಗೆ ಇಳಿ. ನೀರಿನ ಹತ್ರ.”